ಮೊದಲು ನೆಲ, ಆಮ್ಯಾಗ ಬೆಲ್ಲ

ಮಣಿಪಾಲದ ಅಕ್ಕ ಸೋತು ಊರು ಬಿಟ್ಟರು ಎಂದು ಹೇಳುವವರಿದ್ದಾರೆ. ಬಾಡಿಗೆ ಮನೆ ಹೋಯಿತು, ಸಾಕಿದ ಪ್ರಾಣಿಗಳು ದಿಕ್ಕಿಗೊಂದಾದವು, ಪಾಪ, ಕಡೆಗೆ ತಂಗಿಯ ಮನೆ ಸೇರಬೇಕಾಯಿತು ಎಂದು ಬಾಯಿ ಚಪ್ಪರಿಸುತ್ತಾರೆ. ಸುಳ್ಳು. ಅವರು ಗೆದ್ದು ಹೋದರು. ಹದಿನಾಲ್ಕು ಗಿನಿ ಹಂದಿಗಳಿಗೆ ತಾವೇ ನೋಡಿ ಒಪ್ಪಿದ ಮನೆ ಮಾಡಿಕೊಟ್ಟು, ಖಾಲಿ ಗೂಡುಗಳನ್ನು ಗುಜರಿಯವನಿಗೆ ಎತ್ತಿ ಕೊಟ್ಟು, ಒಂದು ಚೀಲ, ಒಂದು ಬುಟ್ಟಿ ಮಾತ್ರ ಹಿಡಿದುಕೊಂಡು ಬಸ್ಸು ಹತ್ತಿದರು. ಆ ಹದಿನಾಲ್ಕರಲ್ಲಿ ಒಂದರ ಎಡಗಣ್ಣು ಹೋದದ್ದು ನನ್ನಿಂದ. ಅದನ್ನು ಮುಚ್ಚಿಟ್ಟು ಅವರ ಬಗ್ಗೆ ಬರೆದರೆ ಬರೆದ ಹಾಗಲ್ಲ.

ಬಾಗಲಕೋಟೆ ಕಡೆಯವರು. ಗಂಡ ಗಾರೆ ಕೆಲಸಕ್ಕೆಂದು ಮಣಿಪಾಲಕ್ಕೆ ಕರೆದುಕೊಂಡು ಬಂದಿದ್ದ. ಅವನು ತೀರಿಕೊಂಡ ಮೇಲೆ ಇವರು ಊರಿಗೆ ಹಿಂತಿರುಗದೆ, ಕಾಲೇಜಿನ ಮಕ್ಕಳು ಬಾಡಿಗೆಗಿರುವ ಒಂದು ಕಟ್ಟಡದಲ್ಲಿ ಗುಡಿಸಿ ಒರೆಸುವ ಕೆಲಸ ಹಿಡಿದರು. ಹಣೆಯಲ್ಲಿ ಕಾಸಿನಗಲದ ಕುಂಕುಮ. ಗಂಡ ಸತ್ತ ಮೇಲೂ ಯಾಕೆ ಎಂದು ಯಾರೋ ಕೇಳಿದ್ದಕ್ಕೆ, "ಹಣಿ ನಂದು" ಎಂದಿದ್ದರಂತೆ. ಅಷ್ಟೇ ಉತ್ತರ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ನನಗಿಂತ ಹತ್ತು ವರ್ಷ ಚಿಕ್ಕವರು.

ಪರೀಕ್ಷೆ ಮುಗಿದ ವಾರ ಆ ಮಕ್ಕಳೆಲ್ಲ ಕೋಣೆ ಖಾಲಿ ಮಾಡುತ್ತಾರೆ. ಬಕೆಟು, ಹಾಸಿಗೆ, ಟೇಬಲ್ ಫ್ಯಾನು ಎಲ್ಲ ಬಿಟ್ಟು ಹೋಗುತ್ತಾರೆ. ಒಂದು ವರ್ಷ ಹಾಗೆ ಬಿಟ್ಟು ಹೋದದ್ದರಲ್ಲಿ ಒಂದು ಶೂ ಪೆಟ್ಟಿಗೆ. ಇವರು ಕಸಕ್ಕೆ ಹಾಕಲು ಎತ್ತಿದರೆ ಒಳಗೆ ಏನೋ ಅಲುಗಿತಂತೆ. ತೆರೆದು ನೋಡಿದರೆ ಗಿನಿ ಹಂದಿ. ಹೆಸರಿಗೆ ಹಂದಿ ಅಷ್ಟೇ. ಅಂಗೈಗಿಂತ ಸ್ವಲ್ಪ ದೊಡ್ಡದು, ಬಾಲ ಇಲ್ಲ, ಇಲಿಗೆ ಮೊಲದ ಮುಖ ಅಂಟಿಸಿದ ಹಾಗೆ. ಆ ಕೋಣೆಯ ನಂಬರು ಇನ್ನೂರ ಹನ್ನೆರಡು. ಅದಕ್ಕೂ ಅದೇ ಹೆಸರಾಯಿತು.

"ಚೆಂದದ ಹೆಸರು ಇಡಬಾರದಾ?" ಎಂದು ನನ್ನ ಮೊಮ್ಮಗಳು ಕೇಳಿದ್ದಳು.

"ಚೆಂದದ ಹೆಸರು ಇಟ್ಟೋರ ಬಿಟ್ಟು ಹೋಗ್ಯಾರವ್ವಾ" ಎಂದರು ಅವರು. "ನಂಬರ್ ಇದ್ರ ಯಾವ ಬಾಗಲದಾಗ ಬಿಟ್ಟಾರ ಅನ್ನೋದರ ನೆನಪಿರತೈತಿ."

ಅಲ್ಲಿಂದ ಮುಂದೆ ಪ್ರತಿ ವರ್ಷ ಪೆಟ್ಟಿಗೆಗಳು. ಉಡುಪಿಯ ಪ್ರಾಣಿ ಡಾಕ್ಟರರ ಪರಿಚಯವಾಯಿತು. ಬೀದಿ ನಾಯಿಗಳನ್ನು ಎತ್ತಿ ತರುವ ಕೆಲವು ಹುಡುಗ ಹುಡುಗಿಯರು ತಮಗೆ ಸಿಕ್ಕಿದ ಗಿನಿ ಹಂದಿಗಳನ್ನೂ ಇವರಲ್ಲಿ ತಂದು ಬಿಡತೊಡಗಿದರು. ಒಂದು ಕೋಣೆ, ಒಂದು ಅಡಿಗೆ ಮೂಲೆ, ಹಂಚಿನ ಮಾಡು. ಅದರಲ್ಲಿ ಇವರಿಗೊಂದು ಚಾಪೆ, ಉಳಿದದ್ದೆಲ್ಲ ಗೂಡು. ಸಾಕುತ್ತೇವೆ ಎಂದು ಬಂದವರಿಗೆ ಅಲ್ಲಿಂದ ಕೊಡುವುದು. ಅದಕ್ಕೆ ದತ್ತು ಎನ್ನುತ್ತಾರೆ.

ನನ್ನ ಮೊಮ್ಮಗಳು ಫೋನಿನಲ್ಲಿ ಅದನ್ನು ಓದಿ ಹೇಳಿದಾಗ ನಾನು ನಕ್ಕುಬಿಟ್ಟೆ. "ದತ್ತಾ? ಹಂದಿಯನ್ನಾ? ನಮಗೆ ಎಂತ ಮಕ್ಕಳಿಲ್ವಾ ಮಾರಾಯ್ತಿ?" ಆದರೆ ಹುಡುಗಿ ಬಿಡಲಿಲ್ಲ. ನಮ್ಮೂರು ಇನ್ನಂಜೆಯಿಂದ ಕಾಪು, ಕಾಪುವಿನಿಂದ ಉಡುಪಿ, ಅಲ್ಲಿಂದ ಮಣಿಪಾಲ. ಮೂರು ಬಸ್ಸು ಹತ್ತಿ ಇಳಿದು ಹೋದರೆ, ಹೆಣ್ಣು ನೋಡಲು ಹೋದ ನಮ್ಮನ್ನೇ ಹೆಣ್ಣಿನ ಕಡೆಯವರು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡಿದ ಹಾಗಾಯಿತು. ಮನೆಯಲ್ಲಿ ಬೆಕ್ಕು ಉಂಟಾ? ಮದುವೆ ಮುಂಜಿಗೆ ಹೋದಾಗ ನೋಡುವವರು ಯಾರು? ಮೇ ತಿಂಗಳ ಸೆಕೆಗೆ ಎಂತ ಮಾಡುತ್ತೀರಿ? ದಿನಾ ಹುಳಿ ಹಣ್ಣು ಏನು ಕೊಡುತ್ತೀರಿ? ಅದು ಸಿಗದಿದ್ದರೆ ಇವುಗಳ ಒಸಡು ಕೆಟ್ಟು ಕೀಲು ಊದುತ್ತದೆ.

"ಪೇರಳೆ ಉಂಟು, ನೆಲ್ಲಿಕಾಯಿ ಉಂಟು" ಎಂದೆ. "ಹುಲ್ಲಿಗೆ ಬರಗಾಲ ಇಲ್ಲ. ದೇವಸ್ಥಾನಕ್ಕೆ ಗರಿಕೆ ಕೊಯ್ದು ಕೊಡುವವಳು ನಾನೇ."

ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಉಗುರು, ಕತ್ತಿಯ ಗೆರೆ, ಬೆರಳ ಸಂದಿಯ ಹಸಿರು. "ಕೈ ಚಲೋ ಐತಿ" ಎಂದರು. "ಒಂದ ಕೊಡಂಗಿಲ್ಲ, ಜೋಡಿ ಒಯ್ಯಬೇಕು. ಅದಕ್ಕೂ ಮೊದಲ ನಾ ಮನಿ ನೋಡ್ತೀನಿ."

ಅವರು ಮನೆ ನೋಡುವ ರೀತಿಯೇ ಬೇರೆ. ಗೋಡೆ, ಸೋಫಾ, ಟಿವಿ ಯಾವುದನ್ನೂ ನೋಡುವುದಿಲ್ಲ. ಪ್ರಾಣಿ ಇರುವ ಜಾಗದಲ್ಲಿ ಸೆರಗು ಸಿಕ್ಕಿಸಿ ನೆಲದ ಮೇಲೆ ಉದ್ದಕ್ಕೆ ಮಲಗುತ್ತಾರೆ. ಒಂದು ಕೆನ್ನೆಯನ್ನು ನೆಲಕ್ಕೆ ಒತ್ತಿ ಒಂದಷ್ಟು ಹೊತ್ತು ಹಾಗೇ ಇರುತ್ತಾರೆ. ಹಂದಿಯ ಎತ್ತರದಿಂದ ಕಂಡದ್ದೇ ಹಂದಿಯ ಮನೆ, ನಿಂತು ಕಂಡದ್ದು ನಮ್ಮ ಮನೆ ಎನ್ನುವುದು ಅವರ ಲೆಕ್ಕ. ಬಾಗಿಲ ಕೆಳಗಿನ ಗಾಳಿ, ಇರುವೆಯ ಸಾಲು, ಮೊಳೆಯ ತುದಿ ಎಲ್ಲ ಹಾಗೆಯೇ ಅವರಿಗೆ ಸಿಗುತ್ತಿದ್ದವು.

ನಮ್ಮ ಮನೆಗೆ ಬಂದಾಗ ನಾನು ಹಾಗೆ ಮಲಗಲು ಬಿಡಲಿಲ್ಲ. ಇದೇ ನಾನು ಮಾಡಿದ ತಪ್ಪು.

ಚಾವಡಿಯಲ್ಲಿ ಒಂದು ಹೊಸ ಗೂಡು ತೋರಿಸಿದ್ದೆ. ನಿಜಕ್ಕೂ ನನ್ನ ಮನಸ್ಸಿನಲ್ಲಿದ್ದದ್ದು ಹಿತ್ತಲಿನ ಕೋಳಿ ಗೂಡು. ಕೋಳಿ ಸಾಕುವುದು ಬಿಟ್ಟು ವರ್ಷವಾಗಿತ್ತು, ಗೂಡು ಗಟ್ಟಿ ಇತ್ತು, ಚಾವಡಿಯಲ್ಲಿ ಯಾರು ಹಿಕ್ಕೆ ಬಾಚುತ್ತಾರೆ? ಅವರು ಹಿತ್ತಲ ಕಡೆ ಹೆಜ್ಜೆ ಹಾಕಿದಾಗ ನಾನು ಅಡ್ಡ ಬಂದೆ. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಅದನ್ನು ಕೊಟ್ಟು, ಕೂರಿಸಿ, ಮತ್ತೆ ಚಹಾ ಎಂದು, ಚಹಾದ ಜೊತೆ ಗೋಳಿಬಜೆ ಎಂದು ಅವರ ಬಸ್ಸಿನ ಹೊತ್ತಾಗುವವರೆಗೆ ಹಿಡಿದಿಟ್ಟೆ. ಮರ್ಯಾದೆಯ ಹೆಸರಿನಲ್ಲಿ ಮಾಡಿದ ಮೋಸ ಅದು. ಅವರು ಗಡಿಬಿಡಿಯಲ್ಲಿ ಎದ್ದು, ಬುಟ್ಟಿಯಿಂದ ಎರಡನ್ನು ತೆಗೆದು ಮೊಮ್ಮಗಳ ಮಡಿಲಿಗೆ ಹಾಕಿ ಹೋದರು. ಎರಡೂ ಗಂಡು. ಒಂದು ಕಂದು, ಒಂದು ಬಿಳಿ ಕಪ್ಪು. ಬಿಳಿ ಕಪ್ಪಿನದರ ಹೆಸರು ಮುನ್ನೂರ ಏಳು.

ಮರುದಿನವೇ ಎರಡನ್ನೂ ಕೋಳಿ ಗೂಡಿಗೆ ಹಾಕಿದೆ. ಕೆಳಗೆ ಭತ್ತದ ಉಮಿ ಹಾಸಿದೆ. ಕೋಳಿಗೆ ನಾವು ಹಾಸುವುದು ಅದನ್ನೇ, ಬೆಚ್ಚಗಿರುತ್ತದೆ, ಒದ್ದೆ ಎಳೆದುಕೊಳ್ಳುತ್ತದೆ. ಮೊಮ್ಮಗಳು ಬೇಡ ಅಜ್ಜಿ, ಬೇಡ ಅಜ್ಜಿ ಎಂದಳು. "ನಾನು ಅರವತ್ತು ವರ್ಷ ಪ್ರಾಣಿ ಸಾಕಿದವಳು, ನನಗೆ ಫೋನು ನೋಡಿ ಕಲಿಸ್ಬೇಡ" ಎಂದೆ. ಕೋಳಿ ತಲೆ ಎತ್ತಿ ನಡೆಯುತ್ತದೆ. ಗಿನಿ ಹಂದಿ ಮೂತಿ ನೆಲಕ್ಕಿಟ್ಟೇ ನಡೆಯುತ್ತದೆ. ಇಷ್ಟು ನನ್ನ ತಲೆಗೆ ಹೊಳೆಯಲಿಲ್ಲ.

ಎಂಟನೇ ದಿನ ಮುನ್ನೂರ ಏಳರ ಎಡಗಣ್ಣು ಮುಚ್ಚಿಕೊಂಡಿತು. ಒಂಬತ್ತನೇ ದಿನ ಬಿಳಿಯಾಯಿತು. ನಾನು ತಾನಾಗಿ ಕಡಿಮೆಯಾಗುತ್ತದೆ ಎಂದೆ. ಮೊಮ್ಮಗಳು ನನ್ನನ್ನು ಕೇಳದೆ ಮಣಿಪಾಲಕ್ಕೆ ಫೋನು ಮಾಡಿದಳು.

ಅವರು ಕೆಲಸದ ನೀಲಿ ಕೋಟಿನಲ್ಲೇ ಬಂದರು. ಚಾವಡಿಯಲ್ಲಿ ನಿಲ್ಲಲಿಲ್ಲ, ನನ್ನ ಮುಖ ನೋಡಲಿಲ್ಲ. ನೇರ ಹಿತ್ತಲಿಗೆ ಹೋಗಿ, ಕೋಳಿ ಗೂಡಿನ ಬಾಗಿಲು ತೆಗೆದು, ಒಳಗೆ ಅರ್ಧ ಮೈ ತೂರಿಸಿ ಉಮಿಯ ಮೇಲೆ ಕೆನ್ನೆ ಇಟ್ಟು ಮಲಗಿದರು. ಎದ್ದಾಗ ಕೆನ್ನೆಯ ತುಂಬ ಉಮಿ. ಅದರಲ್ಲಿ ಒಂದನ್ನು ಎರಡು ಬೆರಳಿನಿಂದ ಕಿತ್ತು ನನ್ನ ಅಂಗೈಗೆ ಇಟ್ಟರು.

"ಇದು, ಅಕ್ಕಾರ" ಎಂದರು.

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ನನಗೆ ಬೈಗುಳ ಕಷ್ಟವಲ್ಲ. ಅವರು ಬೈಯಲಿಲ್ಲ. ಎರಡನ್ನೂ ಬುಟ್ಟಿಗೆ ಹಾಕಿಕೊಂಡು ಉಡುಪಿಯ ಡಾಕ್ಟರರಲ್ಲಿಗೆ ಹೊರಟರು, ನಾನೂ ಹಿಂದಿನಿಂದ ಹೋದೆ. ಡಾಕ್ಟರರು ಕಣ್ಣಿನಿಂದ ಉಮಿಯ ಮೊನೆ ತೆಗೆದರು. ಕಣ್ಣು ಉಳಿಯಲಿಲ್ಲ. ಬಸ್ ನಿಲ್ದಾಣದಲ್ಲಿ ಅವರು ಎರಡನ್ನೂ ಬುಟ್ಟಿಯಲ್ಲಿ ವಾಪಸು ಒಯ್ಯುತ್ತ ಮಣಿಪಾಲದ ಬಸ್ಸು ಹತ್ತುವಾಗ ಒಂದೇ ಮಾತು ಹೇಳಿದರು. "ನಿಮ್ಮ ಕೈ ಚಲೋ ಐತ್ರಿ. ನಿಮ್ಮ ಹಟ ಚಲೋ ಇಲ್ಲ."

ಮೊಮ್ಮಗಳು ನನ್ನೊಡನೆ ಮಾತು ಬಿಟ್ಟಳು. ಬಡಿಸಿದರೆ ಉಣ್ಣುತ್ತಿದ್ದಳು, ಅಷ್ಟೇ.

ಕ್ಷಮೆ ಕೇಳುವ ಅಭ್ಯಾಸ ನನಗಿಲ್ಲ. ಗರಿಕೆ ಕೊಯ್ಯುವ ಅಭ್ಯಾಸ ಉಂಟು. ಮುಂದಿನ ಮಂಗಳವಾರ ದೇವಸ್ಥಾನಕ್ಕೆ ಒಂದು ಕಟ್ಟು ಕೊಟ್ಟು, ಇನ್ನೊಂದು ದೊಡ್ಡ ಕಟ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಮಣಿಪಾಲಕ್ಕೆ ಹೋದೆ. ಅವರು ಚೀಲ ತೆರೆದು ಮೂಸಿ ನೋಡಿದರು. ರಸ್ತೆ ಬದಿಯದ್ದೋ, ಗದ್ದೆ ಹುಣಿಯ ಬದುವಿನದ್ದೋ ಎಂದು ವಾಸನೆಯಲ್ಲೇ ಗೊತ್ತು ಮಾಡುತ್ತಿದ್ದರು.

"ಹುಲ್ಲು ಕೊಟ್ರ ಹಂದಿ ಕೊಡ್ತೀನಂತ ತಿಳೀಬ್ಯಾಡ್ರಿ ಮತ್ತ."

"ನಾನು ಕೇಳಿದೆನಾ?" ಎಂದೆ.

ಹೀಗೆ ಎರಡು ವರ್ಷ, ಮಂಗಳವಾರ ಮಂಗಳವಾರ. ನಾನು ಕೇಳಲಿಲ್ಲ, ಅವರು ಕೊಡಲಿಲ್ಲ. ಅಲ್ಲಿ ಕುಳಿತು ಗೂಡು ತೊಳೆದೆ, ಹಳೆ ಸೀರೆ ಕುದಿಯುವ ನೀರಿಗೆ ಹಾಕಿ ಒಣಗಿಸಿ ಮಡಚಿ ಹಾಸುವುದು ಕಲಿತೆ, ಉಗುರು ಕತ್ತರಿಸುವಾಗ ಹಿಡಿದುಕೊಂಡೆ. ನನ್ನ ಚೀಲ ಬಾಗಿಲಲ್ಲಿ ಸರಕ್ ಎಂದರೆ ಸಾಕು, ಒಳಗಿನಿಂದ ಎಲ್ಲವೂ ಒಟ್ಟಿಗೆ ಸೀಟಿ ಹೊಡೆದ ಹಾಗೆ ಕೂಗುತ್ತಿದ್ದವು. "ಬಂದ್ರವ್ವಾ ನಿಮ್ಮ ಅತ್ತಿ" ಎನ್ನುತ್ತಿದ್ದರು ಅಕ್ಕ.

ಅಂಥ ಒಂದು ಮಂಗಳವಾರ ಹೋದರೆ ಅವರು ಹೊಸ್ತಿಲ ಮೇಲೆ ಕುಳಿತಿದ್ದರು. ಆ ಸಾಲಿನ ಮನೆಗಳನ್ನೆಲ್ಲ ಕೆಡವಿ ಫ್ಲಾಟು ಕಟ್ಟುತ್ತಾರಂತೆ, ಒಂದು ತಿಂಗಳಲ್ಲಿ ಖಾಲಿ ಮಾಡಬೇಕು. ವಯಸ್ಸಾಯಿತೆಂದು ಕೆಲಸದಿಂದಲೂ ಆಗಲೇ ಬಿಡಿಸಿದ್ದರು. ತಂಗಿ ಊರಿಗೆ ಬಾ ಎಂದು ಕರೆದಿದ್ದಳು. ತಂಗಿಯ ಮನೆ ತಗಡಿನ ಮಾಡಿನದು, ಅಲ್ಲಿಯ ಬಿಸಿಲಿಗೆ ಗಿನಿ ಹಂದಿ ಒಂದು ಮಧ್ಯಾಹ್ನ ಬದುಕುವುದಿಲ್ಲ. ಮಣಿಪಾಲದಲ್ಲಿ ಹದಿನಾಲ್ಕು ಪ್ರಾಣಿಗಳ ಜೊತೆ ಬಾಡಿಗೆ ಕೊಡುವವರು ಯಾರೂ ಸಿಗಲಿಲ್ಲ.

ಸುದ್ದಿ ಹೇಗೋ ಹಬ್ಬಿ, ಪ್ರಾಣಿ ಮಾರುವವನೊಬ್ಬ ಅದೇ ಹೊತ್ತಿಗೆ ಬಂದ. ನಾನು ಅಲ್ಲಿಯೇ ಇದ್ದೆ.

"ಅಕ್ಕ, ಹದಿನಾಲ್ಕನ್ನೂ ಒಟ್ಟಿಗೆ ತಗೊಂಡು ಹೋಗ್ತೇನೆ. ನಿಮ್ಮ ತಲೆನೋವು ಇವತ್ತೇ ಮುಗೀತು."

"ಒಯ್ದು ಯಾರಿಗೆ ಕೊಡ್ತಿ?"

"ಕೇಳಿದವರಿಗೆ ಕೊಡುವುದು."

"ಹಾವು ಸಾಕಿದಂವ ಕೇಳಿದ್ರ?"

ಅವನು ನಕ್ಕ. ಇಲ್ಲ ಎನ್ನಲಿಲ್ಲ, ನಕ್ಕ. ಅಕ್ಕ ಎದ್ದು ಅವನ ಚಪ್ಪಲಿಗಳನ್ನು ಕಾಲಿನಿಂದ ಒಂದೊಂದಾಗಿ ಗೇಟಿನ ಆಚೆಗೆ ತಳ್ಳಿದರು. "ಹೋಗಪಾ, ಚಪ್ಪಲಿ ಮುಂದ ಹೋಗ್ಯಾವ, ನೀನೂ ಹೋಗು" ಎಂದರು.

ಆಮೇಲಿನ ಒಂದು ತಿಂಗಳು ಅವರು ಓಡಾಡಿದ ಹಾಗೆ ಚುನಾವಣೆಗೆ ನಿಂತವರೂ ಓಡಾಡುವುದಿಲ್ಲ. ಪ್ರಾಣಿ ರಕ್ಷಿಸುವ ಆ ಹುಡುಗ ಹುಡುಗಿಯರು ಫೋನಿನಲ್ಲಿ ಹಾಕಿ ಜನ ಹುಡುಕುತ್ತಿದ್ದರು, ಇವರು ಬುಟ್ಟಿ ಹಿಡಿದು ಬಸ್ಸಿನಲ್ಲಿ ಹೋಗಿ ಮನೆ ನೋಡುತ್ತಿದ್ದರು. ಎಷ್ಟೋ ಸಲ ನಾನೂ ಜೊತೆಗೆ ಹೋದೆ. "ಬುಟ್ಟಿಯಲ್ಲಿ ಎಂತ ಅಮ್ಮ, ಕೋಳಿಯಾ?" ಎಂದು ಕಂಡಕ್ಟರ್ ಕೇಳಿದರೆ, "ಮಕ್ಕಳು. ಅರ್ಧ ಟಿಕೆಟ್ ಹರಿ" ಎನ್ನುತ್ತಿದ್ದರು.

ದಿನ ಕಡಿಮೆ ಇದೆ ಎಂದು ಮನೆ ನೋಡುವುದರಲ್ಲಿ ಒಂದು ಚೂರೂ ಬಿಟ್ಟುಕೊಡಲಿಲ್ಲ. ಮಣಿಪಾಲದ ಒಂದು ದೊಡ್ಡ ಬಂಗಲೆಯಲ್ಲಿ ನಾಲ್ಕನ್ನು ಒಟ್ಟಿಗೆ ತೆಗೆದುಕೊಳ್ಳುತ್ತೇವೆ ಎಂದರು. ಎಸಿ ಇತ್ತು, ಮಗುವಿಗೆ ಆಟಕ್ಕಾಗುತ್ತದೆ ಎಂದು ಗಾಜಿನ ಪೆಟ್ಟಿಗೆ ತರಿಸಿದ್ದರು. ಅಕ್ಕ ಆ ಹೊಳೆಯುವ ನೆಲದ ಮೇಲೆ ಮಲಗಿ ಎದ್ದು, "ಇದು ಮೀನಿಗೆ ಚಲೋ ಐತ್ರಿ" ಎಂದು ಬುಟ್ಟಿ ಎತ್ತಿದರು. ಹೊರಗೆ ಬಂದ ಮೇಲೆ ನಾನು ಸಿಟ್ಟು ಮಾಡಿದೆ. "ನಾಲ್ಕು ಒಟ್ಟಿಗೆ ಹೋಗ್ತಿತ್ತಲ್ಲ ಮಾರಾಯ್ತಿ! ಹದಿನೆಂಟು ದಿನ ಉಂಟು ಇನ್ನು!"

"ಹದಿನೆಂಟ ದಿನ ನನಗ. ಅವಕ್ಕ ಇನ್ನ ಐದಾರು ವರ್ಷ ಐತ್ರಿ ಬದುಕೋದು."

ಹೆಜಮಾಡಿಯಲ್ಲಿ ಮೀನು ಮಾರುವ ಒಬ್ಬಳ ಮನೆಯಲ್ಲಿ ಇದಕ್ಕೆ ಉಲ್ಟಾ. ಅಂಗಳದ ತುಂಬ ಬೆಕ್ಕು. ನಾನು ಗೇಟಿನಲ್ಲೇ ಹಿಂತಿರುಗಲು ನೋಡಿದೆ. ಆ ಹೆಂಗಸು ಕಿಟಕಿ ಬಾಗಿಲಿಗೆಲ್ಲ ಹಳೆ ಮೀನು ಬಲೆ ಬಿಗಿದು ಒಳಗೊಂದು ಕೋಣೆ ಮಾಡಿದ್ದಳು. "ಬಂಗುಡೆಯೇ ತಪ್ಪಿಸಿಕೊಳ್ಳುವುದಿಲ್ಲ ಇದರಿಂದ" ಎಂದು ಹೆಮ್ಮೆಯಿಂದ ತೋರಿಸಿದಳು. ಅಕ್ಕ ಬುಟ್ಟಿಯಿಂದ ಒಂದನ್ನು ತೆಗೆದು ಬಲೆಯ ಹತ್ತಿರ ಬಿಟ್ಟರು. ಅದು ನಾಲ್ಕು ಸಲ ಕಚ್ಚಿತು, ಬಲೆ ಹರಿಯಿತು. "ಮೀನಿಗೆ ಹಲ್ಲಿಲ್ರಿ, ಇದಕ್ಕ ಐತಿ" ಎಂದರು. ಆ ಹೆಂಗಸು ಬೇಸರ ಮಾಡಲಿಲ್ಲ, ನಕ್ಕಳು. ಎರಡೇ ದಿನದಲ್ಲಿ ತಂತಿಯ ಜಾಲರಿ ಹೊಡೆಸಿ ಫೋನು ಮಾಡಿದಳು. ಅವಳಿಗೆ ಎರಡು ಹೋದವು, ಇನ್ನೂರ ಹನ್ನೆರಡೂ ಅದರಲ್ಲಿ ಒಂದು. ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು.

ಕಾರ್ಕಳದಲ್ಲಿ ಒಬ್ಬರು ಕಲ್ಲು ಕೆತ್ತುವವರ ಮನೆ. ಕೆತ್ತಿ ಉಳಿದ ನಯವಾದ ಕಲ್ಲಿನ ತುಂಡುಗಳನ್ನು ಅವರು ಗೂಡಿನಲ್ಲಿ ಹಾಸಿದ್ದರು, ಸೆಕೆಗೆ ಮೈ ಚೆಲ್ಲಿ ಮಲಗಲು ತಂಪಾಗುತ್ತದೆ ಎಂದು. ಅಕ್ಕ ಕೆನ್ನೆ ಇಟ್ಟವರು ಏಳಲೇ ಇಲ್ಲ. ನಾನು ನಿದ್ದೆ ಹೋದರೋ ಎಂದುಕೊಂಡೆ. "ಅಕ್ಕಾರ, ನನ್ನನ್ನ ಇಲ್ಲೇ ದತ್ತು ಕೊಟ್ಟು ಹೋಗ್ರಿ" ಎಂದರು ನೆಲದಿಂದಲೇ. ಅಲ್ಲಿ ನಾಲ್ಕು ಹೋದವು, ಬರುವಾಗ ಬೇರೆ ಮನೆಗಳಿಗೆಂದು ಅಂಥ ಕಲ್ಲಿನ ತುಂಡುಗಳನ್ನು ಹೊತ್ತು ತಂದೆವು. ನಿಟ್ಟೆಯಿಂದ ಒಬ್ಬ ಹಾಸ್ಟೆಲಿನ ಅಡಿಗೆಯವನು ಕೇಳಿದಾಗ, ಹಾಸ್ಟೆಲ್ ಎನ್ನುವ ಶಬ್ದಕ್ಕೇ ಅಕ್ಕ ಫೋನು ಇಟ್ಟರು. ಅವನು ತನ್ನ ಹೆಂಡತಿಯನ್ನು ಕರೆದುಕೊಂಡು ಮಣಿಪಾಲಕ್ಕೇ ಬಂದು ನಿಂತ. "ಹಾಸ್ಟೆಲಿಗಲ್ಲ ಅಮ್ಮ, ನಮ್ಮ ಮನೆಗೆ. ನಾವು ಪರೀಕ್ಷೆ ಮುಗಿಸಿ ಹೋಗುವವರಲ್ಲ" ಎಂದ. ಅವನಿಗೂ ಕೊಟ್ಟರು.

ಕಡೆಯ ವಾರಕ್ಕೆ ಹನ್ನೆರಡು ಹೋಗಿ ಎರಡು ಉಳಿದವು. ಮುನ್ನೂರ ಏಳು ಮತ್ತು ಅದರ ಜೊತೆಗಾರ. ಬಂದವರೆಲ್ಲ ಒಕ್ಕಣ್ಣನನ್ನು ನೋಡಿ, ಅಯ್ಯೋ ಎಂದು, ಬೇರೆ ಉಂಟಾ ಎಂದು ಕೇಳಿ ಹೋಗಿದ್ದರು. ಹಾವಿನ ಮಾತಿಗೆ ನಕ್ಕವನು ಮತ್ತೆ ಗೇಟಿನ ಹತ್ತಿರ ಸುಳಿದಾಡಿದನಂತೆ.

ನಾನು ಆಗಲೂ ಕೇಳಲಿಲ್ಲ. ಮನೆಗೆ ಬಂದು ಬಡಗಿಯನ್ನು ಕರೆಸಿ, ನಾನು ಮಲಗುವ ಮಂಚದ ಕಾಲು ಕತ್ತರಿಸಲು ಹೇಳಿದೆ. ಸೊಸೆ, "ಅತ್ತೆ, ನಿಮಗೆ ಎಂತ ಆಯಿತು?" ಎಂದಳು. "ಮಂಚ ಹೇಗೂ ನನ್ನ ಬೆನ್ನಿಗೆ ಆಗುವುದಿಲ್ಲ" ಎಂದೆ. ಸುತ್ತಲೂ ಮೊಣಕಾಲೆತ್ತರದ ಹಲಗೆ, ಮೇಲೆ ತಂತಿಯ ಮುಚ್ಚಳ, ಒಳಗೆ ಕುದಿಸಿ ಒಣಗಿಸಿದ ನನ್ನ ಹತ್ತಿ ಸೀರೆಗಳು, ಮೂಲೆಯಲ್ಲಿ ಕಾರ್ಕಳದ ಒಂದು ಕಲ್ಲು. ಮಂಚವೇ ಗೂಡಾಗಿ ಚಾವಡಿಯ ನಡುವೆ ಕೂತಿತು. ಕೋಳಿ ಗೂಡನ್ನು ಒಡೆದು ಒಲೆಗೆ ಹಾಕಿದೆ. ಮೊಮ್ಮಗಳು ನೋಡುತ್ತ ನಿಂತಿದ್ದಳು, ಆಮೇಲೆ ತಾನಾಗಿ ಬಂದು ಹಲಗೆ ಹಿಡಿದುಕೊಂಡಳು. ಅವಳೇ ಫೋನು ಮಾಡಿದ್ದಿರಬೇಕು. ನಾನು ಕೇಳಲು ಹೋಗಲಿಲ್ಲ.

ಮನೆ ಬಿಡಬೇಕಾದ ದಿನ ಮಧ್ಯಾಹ್ನ ಅಕ್ಕ ನಮ್ಮ ಅಂಗಳದಲ್ಲಿ. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಊರಿಗೆ ಹೋಗುವ ಚೀಲ. ಸೊಸೆ ಅಭ್ಯಾಸದಂತೆ ಬೆಲ್ಲ, ನೀರು ಹಿಡಿದು ಬಂದಳು.

"ಮೊದಲು ನೆಲ, ಆಮ್ಯಾಗ ಬೆಲ್ಲ" ಎಂದರು. ನನ್ನ ಕಡೆ ನೋಡಿಯೇ ಹೇಳಿದರು. ನಾನು ದಾರಿ ಬಿಟ್ಟೆ.

ಮಂಚದ ಒಳಗೆ ಇಳಿದು ಮಲಗಿದರು. ಆಮೇಲೆ ಹೊರಗೆ ಚಾವಡಿಯ ನೆಲದ ಮೇಲೆ. ಆಮೇಲೆ ಎದ್ದು ಹಿತ್ತಲಿಗೆ ಹೋದರು, ಕೋಳಿ ಗೂಡಿದ್ದ ಜಾಗದಲ್ಲಿ ಬರೀ ಕಪ್ಪು ಮಣ್ಣು ನೋಡಿ ಅಲ್ಲೂ ಒಂದು ನಿಮಿಷ ನಿಂತರು. ಬಂದು ಮತ್ತೆ ಮಂಚದಲ್ಲಿ ಮಲಗಿದರು. ನಾಲ್ಕು ಹೆತ್ತಾಗಲೂ ನಾನು ಅಷ್ಟು ಹೆದರಿರಲಿಲ್ಲ. ಕೈಗೆ ಕೆಲಸ ಇರಲಿ ಎಂದು ಬೆಳಿಗ್ಗೆ ಕೊಯ್ದಿಟ್ಟ ಗರಿಕೆಯ ಚೀಲ ಎತ್ತಿದೆ. ಅದು ಸರಕ್ ಎಂದಿತು.

ಬುಟ್ಟಿಯ ಒಳಗಿನಿಂದ ಸೀಟಿ. ಒಂದಲ್ಲ, ಬಿಡದೆ. ಮುನ್ನೂರ ಏಳು ಮುಚ್ಚಳವನ್ನು ಮೂತಿಯಲ್ಲಿ ಎತ್ತಿ, ಕುರುಡು ಕಣ್ಣಿನ ಕಡೆಗೇ ನಾನಿದ್ದರೂ ನನ್ನ ಕಡೆಗೇ ತಿರುಗಿ ಕೂಗುತ್ತಿತ್ತು.

ಅಕ್ಕ ಮಂಚದಿಂದ ಎದ್ದರು. ನನ್ನೆದುರು ಬಂದು ನಿಂತು ಕೆನ್ನೆ ತೋರಿಸಿದರು. ಏನೂ ಅಂಟಿರಲಿಲ್ಲ.

"ಕಣ್ಣು ಹೋಗೈತಿ, ಕಿವಿ ಹೋಗಿಲ್ಲ" ಎಂದರು. "ಅದು ನಿಮ್ಮನ್ನ ಬಿಟ್ಟಿಲ್ಲ ಬಿಡ್ರಿ. ನಾ ಯಾಕ ನಡುವ?" ಎರಡನ್ನೂ ಎತ್ತಿ ನನ್ನ ಕೈಗೆ ಕೊಟ್ಟರು. ಮೊಮ್ಮಗಳಿಗಲ್ಲ, ನನಗೆ. ಆಮೇಲೆ ಚಾವಡಿಯ ಜಗಲಿಯ ಮೇಲೆ ಕಾಲು ಚಾಚಿ ಕುಳಿತು, "ಹದಿನಾಲ್ಕು! ಒಂದೂ ಕೆಟ್ಟ ಮನಿಗಿ ಹೋಗ್ಲಿಲ್ಲ!" ಎಂದು ತೊಡೆ ತಟ್ಟಿ ನಕ್ಕರು. ಪಕ್ಕದ ಮನೆಯವರು ಇಣುಕಿ ನೋಡುವಷ್ಟು ಜೋರು. "ತರ್ರೆವ್ವಾ ಈಗ ಬೆಲ್ಲ. ದೊಡ್ಡ ಉಂಡಿ ತರ್ರಿ."

ಬೆಲ್ಲ ಕಡಿದು, ಎರಡು ಚೊಂಬು ನೀರು ಕುಡಿದು, ಸಂಜೆಯ ಬಸ್ಸಿಗೆ ಹೋದರು. ಖಾಲಿ ಬುಟ್ಟಿ ಇಲ್ಲೇ ಇಡಿ ಎಂದರೆ ಕೊಡಲಿಲ್ಲ. ನಮ್ಮೂರಲ್ಲೂ ಮಕ್ಕಳು ಪರೀಕ್ಷೆ ಬರೆಯುತ್ತಾರೆ ಎಂದರು.

ಮರುದಿನ ಬೆಳಿಗ್ಗೆ ಎದ್ದವಳು ಚಹಾಕ್ಕೆ ನೀರಿಡಲಿಲ್ಲ. ಸೆರಗು ಸಿಕ್ಕಿಸಿ ಚಾವಡಿಯ ನೆಲದ ಮೇಲೆ ಉದ್ದಕ್ಕೆ ಮಲಗಿ ಕೆನ್ನೆ ಒತ್ತಿದೆ. ಸೊಸೆ ಅಡಿಗೆ ಕೋಣೆಯಿಂದ ಬಂದವಳು, "ಅಯ್ಯೋ, ಅತ್ತೆ ಬಿದ್ದರು!" ಎಂದು ಕಿರುಚಿದಳು.

"ಬೀಳಲಿಲ್ಲ ಮಾರಾಯ್ತಿ, ನೋಡ್ತಾ ಇದ್ದೇನೆ. ಬಾಯಿ ಮುಚ್ಚು."

ಕಂಬದ ಬುಡದಲ್ಲಿ ಒಂದು ಇರುವೆ ಸಾಲು ಹೊರಟಿತ್ತು. ಕಂಬ ಹಿಡಿದು ಎದ್ದು ಅದನ್ನು ಅರಸಿನ ಹಾಕಿ ಒರೆಸಿದೆ, ಮತ್ತೊಮ್ಮೆ ಮಲಗಿ ನೋಡಿದೆ. ಸರಿಯಾಗಿತ್ತು. ಕೆನ್ನೆ ಸವರಿಕೊಂಡು ಕತ್ತಿ ತೆಗೆದುಕೊಂಡು ಗದ್ದೆ ಹುಣಿಗೆ ಇಳಿದೆ. ಗರಿಕೆಯ ಮೊದಲ ಕಟ್ಟು ಮಂಚಕ್ಕೆ, ಎರಡನೆಯದು ದೇವಸ್ಥಾನಕ್ಕೆ.